ಹೊರೇಸ್ ಕವಿಯ ವಿವೇಕ ಮತ್ತು ವಿನೋದ

ವಿವೇಕವನ್ನು ಬೋಧಿಸಿದ ಕವಿಗಳು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ನಗಿಸಿದ ಕವಿಗಳಿಗೂ ಕೊರತೆಯಿಲ್ಲ. ಆದರೆ ನಗಿಸುತ್ತಲೇ ವಿವೇಕವನ್ನು ಹೇಳಿ, ಹಾಗೆ ಹೇಳುವಾಗ ತನ್ನ ದೋಷಗಳನ್ನೂ ಇತರರ ದೋಷಗಳ ಸಾಲಿನಲ್ಲೇ ನಿಲ್ಲಿಸಿದವರು ವಿರಳ. ಅಂಥವರಲ್ಲಿ ಪ್ರಾಚೀನ ರೋಮಿನ ಹೊರೇಸ್ ಅಗ್ರಗಣ್ಯನು. ಅವನ ಪೂರ್ಣ ಹೆಸರು ಕ್ವಿಂಟಸ್ ಹೊರೇಷಿಯಸ್ ಫ್ಲಾಕಸ್. ಅವನ ಹೆಸರನ್ನು ಕೇಳಿದೊಡನೆ ಸಾಮಾನ್ಯವಾಗಿ ಕಣ್ಣಮುಂದೆ ಬರುವ ಚಿತ್ರ ಒಂದೇ: ಮರದ ನೆರಳು, ದ್ರಾಕ್ಷಾರಸದ ಬಟ್ಟಲು, ಯಾವ ಚಿಂತೆಯೂ ಇಲ್ಲದ ಒಬ್ಬ ದುಂಡಗಿನ ರಸಿಕ. ಆದರೆ ಆ ನಿಶ್ಚಿಂತೆ ಅವನಿಗೆ ಹುಟ್ಟಿನಿಂದ ಬಂದ ಸೊತ್ತಾಗಿರಲಿಲ್ಲ. ಅವನು ಗುಲಾಮನಾಗಿದ್ದವನ ಮಗ. ಸೋತ ಸೈನ್ಯದ ಅಧಿಕಾರಿ. ಮನೆ ಹೊಲ ಕಳೆದುಕೊಂಡ ಗುಮಾಸ್ತ. ಕಡೆಗೆ, ತಾನು ಯಾರ ವಿರುದ್ಧ ಕತ್ತಿ ಹಿಡಿದಿದ್ದನೋ ಅವನದೇ ಆಳ್ವಿಕೆಯಲ್ಲಿ ಮನ್ನಣೆ ಪಡೆದ ಕವಿ. ಇಂಥ ಬಾಳಿನಲ್ಲಿ ಒಬ್ಬನು ತನ್ನತನವನ್ನು ಉಳಿಸಿಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಹೊರೇಸನ ಇಡೀ ಜೀವನವೇ ಉತ್ತರ. ಅವನ ವಿನೋದವು ಕಾವ್ಯಕ್ಕೆ ತೊಡಿಸಿದ ಒಡವೆ ಮಾತ್ರವಾಗಿರಲಿಲ್ಲ. ಅವನ ಸ್ವಾತಂತ್ರ್ಯವನ್ನು ಕಾಯ್ದ ಕಾವಲುಗಾರನೂ ಅದೇ ಆಗಿತ್ತು.

ಹೊರೇಸನು ಹುಟ್ಟಿದ್ದು ಕ್ರಿ. ಪೂ. ೬೫ನೆಯ ವರ್ಷದ ಡಿಸೆಂಬರ್ ೮ರಂದು, ದಕ್ಷಿಣ ಇಟಲಿಯ ವೆನೂಸಿಯ ಎಂಬ ಸಣ್ಣ ಊರಿನಲ್ಲಿ. ಅವನ ತಂದೆ ಒಮ್ಮೆ ಗುಲಾಮನಾಗಿದ್ದು ಬಿಡುಗಡೆ ಹೊಂದಿದವನು. ಹರಾಜುಗಳಲ್ಲಿ ಹಣ ವಸೂಲು ಮಾಡುವುದು ಅವನ ಕಸುಬು. ಜೊತೆಗೆ ಸ್ವಲ್ಪ ಜಮೀನೂ ಇತ್ತು. ಊರಿನಲ್ಲಿ ಶಾಲೆಯಿಲ್ಲದೆ ಇರಲಿಲ್ಲ. ಸೇನೆಯ ದಳಪತಿಗಳ ಮಕ್ಕಳು ಪಾಟಿಚೀಲ ತೂಗುಹಾಕಿಕೊಂಡು ಅಲ್ಲಿಗೇ ಹೋಗುತ್ತಿದ್ದರು. ಆದರೆ ಆ ತಂದೆಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಮಹಾಸಭೆಯ ಸದಸ್ಯರ ಮಕ್ಕಳಿಗೆ ಯಾವ ವಿದ್ಯೆ ದೊರೆಯುವುದೋ ಅದೇ ವಿದ್ಯೆ ತನ್ನ ಮಗನಿಗೂ ದೊರೆಯಬೇಕೆಂದು ಹಟತೊಟ್ಟು ಅವನನ್ನು ರೋಮ್ ನಗರಕ್ಕೆ ಕರೆದುಕೊಂಡು ಹೋದನು.

ಅಲ್ಲಿ ಸಿಕ್ಕಿದ ಉಪಾಧ್ಯಾಯ ಆರ್ಬಿಲಿಯಸ್. ವ್ಯಾಕರಣದಲ್ಲಿ ಪಂಡಿತ, ಬೆತ್ತದಲ್ಲಿ ಇನ್ನೂ ದೊಡ್ಡ ಪಂಡಿತ. ಹಳೆಯ ಲ್ಯಾಟಿನ್ ಕಾವ್ಯವನ್ನು ಹುಡುಗರ ತಲೆಗೆ ಏಟುಗಳ ಮೂಲಕವೇ ಇಳಿಸುತ್ತಿದ್ದನು. ಮುಂದೆ ಶಿಷ್ಯನು ತನ್ನ ಪದ್ಯವೊಂದರಲ್ಲಿ ಗುರುವಿನ ಹೆಸರಿಗೆ ಹೊಡೆಯುವವನೆಂಬ ಒಂದೇ ಒಂದು ವಿಶೇಷಣವನ್ನು ಅಂಟಿಸಿದನು. ಅಂದಿನಿಂದ ಇಂದಿನವರೆಗೂ ಆ ಗುರು ಲೋಕಕ್ಕೆ ಹೆಚ್ಚಾಗಿ ಪರಿಚಿತನಾಗಿರುವುದು ಆ ಒಂದು ಪದದಿಂದಲೇ. ಗುರುದಕ್ಷಿಣೆಗಳಲ್ಲಿ ಇದೂ ಒಂದು ಬಗೆ ಎನ್ನಬೇಕು.

ಆದರೆ ಹೊರೇಸನ ನಿಜವಾದ ಗುರು ಅವನ ತಂದೆಯೇ. ಶ್ರೀಮಂತರ ಮಕ್ಕಳನ್ನು ಶಾಲೆಗೆ ಕರೆದೊಯ್ಯಲು ಗುಲಾಮರಿರುತ್ತಿದ್ದರು. ಈ ತಂದೆ ತಾನೇ ಮಗನ ಜೊತೆಯಲ್ಲಿ ಒಬ್ಬ ಗುರುವಿನಿಂದ ಇನ್ನೊಬ್ಬ ಗುರುವಿನಲ್ಲಿಗೆ ನಡೆಯುತ್ತಿದ್ದನು. ದಾರಿಯಲ್ಲಿ ಕಂಡ ಮನುಷ್ಯರೇ ಅವನ ಪಾಠದ ಪುಸ್ತಕ. ದುಂದುಗಾರಿಕೆಯಿಂದ ಪಿತ್ರಾರ್ಜಿತವನ್ನು ಕರಗಿಸಿದವನನ್ನು ತೋರಿಸಿ ಮಿತವ್ಯಯವನ್ನು ಕಲಿಸುವನು; ಮಾನವಂತನೊಬ್ಬನನ್ನು ತೋರಿಸಿ ಹಾಗೆ ಬಾಳಬೇಕೆನ್ನುವನು. ಒಳ್ಳೆಯದು ಏಕೆ ಒಳ್ಳೆಯದೆಂಬುದನ್ನು ತತ್ತ್ವಜ್ಞಾನಿಗಳು ಮುಂದೆ ವಿವರಿಸಲಿ, ಸದ್ಯಕ್ಕೆ ಹುಡುಗನ ನಡತೆ ಕೆಡದಿದ್ದರೆ ತನಗೆ ಸಾಕು ಎಂಬುದು ಅವನ ನಿಲುವು. ಮನುಷ್ಯರನ್ನು ನೋಡಿ ಕಲಿಯುವ ಈ ಅಭ್ಯಾಸವೇ ಮುಂದೆ ಹೊರೇಸನ ವಿಡಂಬನ ಕಾವ್ಯದ ಬೇರಾಯಿತು. ದೊಡ್ಡವರ ಸಹವಾಸ ದೊರೆತ ಮೇಲೂ ಅವನು ತನ್ನ ಹುಟ್ಟನ್ನು ಮುಚ್ಚಿಡಲಿಲ್ಲ. ತಂದೆತಾಯಿಗಳನ್ನು ಮತ್ತೆ ಆರಿಸಿಕೊಳ್ಳುವ ಅವಕಾಶ ದೊರೆತರೂ ತನ್ನವರನ್ನು ಬಿಟ್ಟು ಬೇರೆಯವರನ್ನು ಆರಿಸೆನೆಂದು, ರೋಮಿನ ಕುಲೀನರು ಓದುವ ಪದ್ಯದಲ್ಲಿಯೇ ಬರೆದನು. ಪ್ರಾಚೀನ ಸಾಹಿತ್ಯದಲ್ಲಿ ಮಗನು ತಂದೆಗೆ ಸಲ್ಲಿಸಿದ ಗೌರವಗಳಲ್ಲಿ ಇದಕ್ಕಿಂತ ಹೃದ್ಯವಾದದ್ದು ಸುಲಭವಾಗಿ ಸಿಕ್ಕದು.

ಉನ್ನತ ವ್ಯಾಸಂಗಕ್ಕಾಗಿ ಹೊರೇಸನು ಅಥೆನ್ಸಿಗೆ ಹೋದನು. ಪ್ಲೇಟೋ ಸ್ಥಾಪಿಸಿದ ವಿದ್ಯಾಪೀಠದ ಪರಂಪರೆ ಅಲ್ಲಿ ಇನ್ನೂ ಜೀವಂತವಾಗಿತ್ತು. ಅಷ್ಟರಲ್ಲಿ ಕ್ರಿ. ಪೂ. ೪೪ರ ಮಾರ್ಚಿಯಲ್ಲಿ ರೋಮಿನಲ್ಲಿ ಜೂಲಿಯಸ್ ಸೀಸರನ ಕೊಲೆಯಾಯಿತು. ಅದೇ ವರ್ಷ ಬ್ರೂಟಸನು ಅಥೆನ್ಸಿಗೆ ಬಂದನು. ಹಗಲು ತತ್ತ್ವಜ್ಞಾನಿಗಳ ಉಪನ್ಯಾಸಗಳನ್ನು ಕೇಳುತ್ತ, ಒಳಗೊಳಗೆ ಸೈನ್ಯವನ್ನು ಕೂಡಿಸತೊಡಗಿದನು. ಸ್ವಾತಂತ್ರ್ಯದ ಹೆಸರು ತರುಣರ ರಕ್ತವನ್ನು ಕುದಿಸದೆ ಇರುತ್ತದೆಯೇ? ಹೊರೇಸನು ಪುಸ್ತಕವನ್ನು ಮಡಿಸಿಟ್ಟು ಬ್ರೂಟಸನ ಪಕ್ಷವನ್ನು ಸೇರಿದನು. ಇಪ್ಪತ್ತರ ಆಸುಪಾಸಿನ ಆ ತರುಣನಿಗೆ ಸೈನ್ಯದಲ್ಲಿ ಟ್ರಿಬ್ಯೂನ್ ಎಂಬ ದೊಡ್ಡ ಅಧಿಕಾರ ದೊರೆಯಿತು. ಒಂದೊಂದು ಲೀಜನ್ನಿಗೆ ಆರು ಮಂದಿ ಟ್ರಿಬ್ಯೂನರು; ಅವರಲ್ಲಿ ಹೆಚ್ಚಿನವರು ಪ್ರತಿಷ್ಠಿತ ಮನೆತನದವರು. ಗುಲಾಮನಾಗಿದ್ದವನ ಮಗನು ಅವರ ನಡುವೆ ನಿಂತದ್ದನ್ನು ಕಂಡು ಹಲವರು ಹಲ್ಲು ಕಡಿದರು.

ಕ್ರಿ. ಪೂ. ೪೨ರ ಶರತ್ಕಾಲದಲ್ಲಿ ಮ್ಯಾಸಿಡೋನಿಯದ ಫಿಲಿಪ್ಪಿ ಎಂಬಲ್ಲಿ ಆಕ್ಟೇವಿಯನ್ ಮತ್ತು ಆಂಟನಿಯರ ಸೈನ್ಯಕ್ಕೂ ಬ್ರೂಟಸ್ ಮತ್ತು ಕ್ಯಾಸಿಯಸರ ಸೈನ್ಯಕ್ಕೂ ಎರಡು ಕದನಗಳು ನಡೆದವು. ಬ್ರೂಟಸನ ಪಕ್ಷ ಪುಡಿಯಾಯಿತು. ಸೋತ ನಾಯಕರಿಬ್ಬರೂ ಪ್ರಾಣ ಬಿಟ್ಟರು. ಹೊರೇಸನು ಓಡಿಹೋದನು. ಹೀಗೆ ಹೇಳುವುದು ಕಟುವೆಂದು ತೋರಬಹುದು. ಆದರೆ ಇದನ್ನು ನಮಗೆ ತಿಳಿಸಿದವನು ಅವನೇ. ಅನೇಕ ವರ್ಷಗಳ ತರುವಾಯ ಹಳೆಯ ಸಂಗಾತಿಯೊಬ್ಬನು ಕ್ಷಮೆ ಪಡೆದು ಊರಿಗೆ ಮರಳಿದಾಗ ಹೊರೇಸನು ಅವನನ್ನು ಪದ್ಯದಲ್ಲಿ ಸ್ವಾಗತಿಸಿ, ತಾನು ಗುರಾಣಿಯನ್ನು ಎಸೆದು ಪಲಾಯನ ಮಾಡಿದ್ದನ್ನು ನಗುನಗುತ್ತ ನೆನಪಿಸಿದನು. ಗುರಾಣಿ ಬಿಟ್ಟು ಓಡಿದ ಮಾತನ್ನು ಅವನಿಗಿಂತ ಆರು ಶತಮಾನ ಹಿಂದೆಯೇ ಗ್ರೀಕ್ ಕವಿ ಆರ್ಕಿಲೋಕಸನು ಹೇಳಿದ್ದನು. ಆದುದರಿಂದ ಇದರಲ್ಲಿ ಕಾವ್ಯಸಂಪ್ರದಾಯ ಎಷ್ಟು, ನಿಜಸ್ಥಿತಿ ಎಷ್ಟು ಎಂದು ಪಂಡಿತರು ಚರ್ಚಿಸುವುದುಂಟು. ಆದರೆ ವಿನೋದದ ಒಳಗೆ ಅಡಗಿರುವ ಧೈರ್ಯವನ್ನು ಗಮನಿಸಬೇಕು. ಆ ಪದ್ಯ ಬೆಳಕಿಗೆ ಬಂದಾಗ ಆಕ್ಟೇವಿಯನ್ನನು ಆಗಸ್ಟಸ್ ಎಂಬ ಬಿರುದು ಹೊತ್ತು ಲೋಕವನ್ನೇ ಆಳುತ್ತಿದ್ದನು. ಅಂಥ ಕಾಲದಲ್ಲಿ ತಾನು ಬ್ರೂಟಸನ ಕಡೆಯವನಾಗಿದ್ದೆನೆಂಬುದನ್ನು ಕವಿ ಅಳಿಸಿಹಾಕಲಿಲ್ಲ. ತನ್ನ ವೀರತ್ವವನ್ನು ಹಾಸ್ಯ ಮಾಡಿದನೇ ಹೊರತು ತನ್ನ ಪಕ್ಷವನ್ನು ಹಾಸ್ಯ ಮಾಡಲಿಲ್ಲ.

ಸೋತವರಿಗೆ ಕ್ಷಮೆ ಸಿಕ್ಕಿತು. ಆದರೆ ಹೊಲ ಸಿಕ್ಕಲಿಲ್ಲ. ಗೆದ್ದ ಸೈನಿಕರಿಗೆ ಹಂಚುವುದಕ್ಕಾಗಿ ಇಟಲಿಯ ಅನೇಕ ಊರುಗಳ ಭೂಮಿಯನ್ನು ಮುಟ್ಟುಗೋಲು ಹಾಕಿಕೊಂಡಿದ್ದರು. ಅವುಗಳಲ್ಲಿ ವೆನೂಸಿಯವೂ ಒಂದು. ತಂದೆಯ ಮನೆ, ಜಮೀನು ಎರಡೂ ಹೋದವು. ಹೊರೇಸನು ರೋಮಿನ ಖಜಾನೆಯಲ್ಲಿ ಒಂದು ಗುಮಾಸ್ತೆಯ ಸ್ಥಾನವನ್ನು ಸಂಪಾದಿಸಿಕೊಂಡು ಲೆಕ್ಕದ ಕಡತಗಳ ನಡುವೆ ಕುಳಿತನು. ಅಲ್ಲಿಯೇ ಪದ್ಯ ಬರೆಯುವುದಕ್ಕೂ ಆರಂಭಿಸಿದನು. ತನ್ನನ್ನು ಕವಿಯಾಗಿ ಮಾಡಿದ್ದು ದೇವತೆಗಳ ಪ್ರಸಾದವೆಂದು ಅವನು ಹೇಳಿಕೊಳ್ಳಲಿಲ್ಲ, ಬಡತನವೆಂದು ಹೇಳಿದನು.

ಆ ಪದ್ಯಗಳು ವರ್ಜಿಲ್ ಕವಿಯ ಕಣ್ಣಿಗೆ ಬಿದ್ದವು. ವರ್ಜಿಲನೂ ಅವನ ಮಿತ್ರ ವೇರಿಯಸನೂ ಹೊರೇಸನ ವಿಷಯವನ್ನು ಮೆಸೀನಸನಿಗೆ ತಿಳಿಸಿದರು. ಮೆಸೀನಸನು ಪುರಾತನ ಎಟ್ರಸ್ಕನ್ ವಂಶದ ಸಿರಿವಂತ, ಆಕ್ಟೇವಿಯನ್ನನ ಆಪ್ತಮಂತ್ರಿ, ಕವಿಗಳ ಆಶ್ರಯದಾತ. ಮೊದಲ ಭೇಟಿಯಲ್ಲಿ ಹೊರೇಸನಿಗೆ ನಾಚಿಕೆಯಿಂದ ನಾಲಗೆಯೇ ಏಳಲಿಲ್ಲ. ತೊದಲುತ್ತ, ತಾನು ದೊಡ್ಡ ಮನೆತನದವನಲ್ಲವೆಂದು, ತನ್ನ ಸ್ಥಿತಿ ಇಂಥದ್ದೆಂದು ನಾಲ್ಕು ಮಾತು ಹೇಳಿದನು. ಮೆಸೀನಸನು ಅವನಿಗಿಂತಲೂ ಕಡಮೆ ಮಾತನಾಡಿ ಕಳುಹಿಸಿದನು. ಒಂಬತ್ತು ತಿಂಗಳು ಯಾವ ಸುದ್ದಿಯೂ ಇಲ್ಲ. ಆಮೇಲೆ ಕರೆ ಬಂದಿತು. ತನ್ನ ಸ್ನೇಹಿತರಲ್ಲಿ ಒಬ್ಬನಾಗಿರಬೇಕೆಂದು ಮೆಸೀನಸನು ಕೇಳಿಕೊಂಡನು. ಕ್ರಿ. ಪೂ. ೩೮ರ ಸುಮಾರಿಗೆ ಹೀಗೆ ಮೊದಲಾದ ಸ್ನೇಹ ಮೂವತ್ತು ವರ್ಷ ನಡೆದು, ಇಬ್ಬರ ಸಾವಿನಿಂದ ಮಾತ್ರ ಕೊನೆಗೊಂಡಿತು.

ಹೊರೇಸನ ಮೊದಲ ವಿಡಂಬನ ಕಾವ್ಯಗಳ ಸಂಪುಟ ಕ್ರಿ. ಪೂ. ೩೫ರ ಸುಮಾರಿಗೂ ಎರಡನೆಯದು ೩೦ರ ಸುಮಾರಿಗೂ ಪ್ರಕಟವಾದವು. ಅವನಿಗೆ ಮುಂಚೆ ಲುಸೀಲಿಯಸ್ ಎಂಬ ಕವಿ ಇದೇ ಪ್ರಕಾರದಲ್ಲಿ ಪ್ರಸಿದ್ಧರನ್ನು ಹೆಸರು ಹಿಡಿದು ಝಾಡಿಸಿದ್ದನು. ಹೊರೇಸನ ದಾರಿ ಬೇರೆ. ಜಿಪುಣ, ಆಸೆಬುರುಕ, ಭೋಜನಪ್ರಿಯ, ಮಹತ್ವಾಕಾಂಕ್ಷಿ ಇವರೆಲ್ಲರನ್ನೂ ಅವನು ತನ್ನ ಬೀದಿಯಲ್ಲಿ ನಡೆಸುತ್ತಾನೆ. ಅವರ ಹಿಂದೆಯೇ ತಾನೂ ನಡೆಯುತ್ತಾನೆ. ಅವನು ಹೇಳುವ ಒಂದು ಪ್ರಸಂಗ ವಾಚಕರಿಗೆ ರುಚಿಸದೆ ಇರದು. ಒಂದು ದಿನ ರೋಮಿನ ಪವಿತ್ರವೀಥಿಯಲ್ಲಿ ಅವನು ಏನನ್ನೋ ಯೋಚಿಸುತ್ತ ಹೋಗುತ್ತಿರುವಾಗ ಹೆಸರಷ್ಟೇ ಗೊತ್ತಿದ್ದ ಒಬ್ಬನು ಬಂದು ಕೈಹಿಡಿದುಕೊಂಡನು. ಕವಿ ಬೇಗ ನಡೆದನು, ಅವನೂ ಬೇಗ ನಡೆದನು. ನಿಂತನು, ಅವನೂ ನಿಂತನು. ಟೈಬರ್ ನದಿಯಾಚೆ ಕಾಯಿಲೆ ಮಲಗಿದವರೊಬ್ಬರನ್ನು ನೋಡಬೇಕಾಗಿದೆ ಎಂದರೂ ತನಗೇನೂ ಕೆಲಸವಿಲ್ಲ, ಜೊತೆಗೇ ಬರುತ್ತೇನೆ ಎಂದುಬಿಟ್ಟನು. ಅವನಿಗೆ ಬೇಕಾಗಿದ್ದದ್ದು ಮೆಸೀನಸನ ಪರಿಚಯ. ಆಗ ಎದುರಿಗೆ ಹೊರೇಸನ ಗೆಳೆಯ ಫಸ್ಕಸನು ಬಂದನು. ಕವಿ ಕಣ್ಣು ಮಿಟುಕಿಸಿದನು, ತೋಳು ಹಿಂಡಿದನು, ಏನೋ ಗುಟ್ಟು ಮಾತನಾಡಬೇಕೆಂದಿದ್ದೆಯಲ್ಲಾ ಎಂದು ನೆನಪಿಸಿದನು. ಗೆಳೆಯನಿಗೆ ಎಲ್ಲವೂ ಅರ್ಥವಾಯಿತು. ಆದರೂ ಇಂದು ಯೆಹೂದ್ಯರ ಹಬ್ಬ, ಇನ್ನೊಂದು ದಿನ ಮಾತನಾಡೋಣವೆಂದು ನಗುವನ್ನು ನುಂಗಿಕೊಂಡು ಜಾರಿಕೊಂಡನು! ಕಡೆಗೆ ಆ ಅಂಟುಪುರಳೆಯ ಮೇಲೆ ದಾವಾ ಹೂಡಿದ್ದ ಎದುರಾಳಿಯೊಬ್ಬನು ಬಂದು ಅವನನ್ನು ನ್ಯಾಯಸ್ಥಾನಕ್ಕೆ ಎಳೆದೊಯ್ದಾಗ ಕವಿಗೆ ಬಿಡುಗಡೆ. ಈ ತಮಾಷೆಯ ನಡುವೆ ಒಂದು ಗಂಭೀರ ಮಾತೂ ಬರುತ್ತದೆ. ಮೆಸೀನಸನ ಮನೆಯಲ್ಲಿ ಒಬ್ಬರನ್ನೊಬ್ಬರು ತಳ್ಳಿ ಮುಂದೆ ಬರುವ ಪದ್ಧತಿಯಿಲ್ಲ, ಪ್ರತಿಯೊಬ್ಬನಿಗೂ ಅವನವನ ಸ್ಥಾನವಿದೆ ಎಂದು ಹೊರೇಸನು ಸ್ಪಷ್ಟವಾಗಿ ತಿಳಿಸುತ್ತಾನೆ.

ಕ್ರಿ. ಪೂ. ೩೭ರಲ್ಲಿ ಮೆಸೀನಸನು ಆಂಟನಿಯ ಕಡೆಯವರೊಡನೆ ಸಂಧಾನ ನಡೆಸಲು ದಕ್ಷಿಣಕ್ಕೆ ಪ್ರಯಾಣ ಮಾಡಿದಾಗ ವರ್ಜಿಲನೂ ಹೊರೇಸನೂ ಜೊತೆಯಲ್ಲಿದ್ದರು. ರೋಮ್ ಸಾಮ್ರಾಜ್ಯದ ಭವಿಷ್ಯವೇ ಆ ಮಾತುಕತೆಯ ಮೇಲೆ ನಿಂತಿತ್ತು. ಹೊರೇಸನು ಆ ಪ್ರಯಾಣದ ಮೇಲೆ ಒಂದು ದೀರ್ಘ ಪದ್ಯವನ್ನೇ ಬರೆದನು. ಅದರಲ್ಲಿ ಇರುವುದೇನು? ಸೊಳ್ಳೆಗಳ ಕಾಟ, ಕಪ್ಪೆಗಳ ಕೂಗು, ಕೆಟ್ಟ ನೀರು, ತನ್ನ ಕಣ್ಣುಬೇನೆ, ವರ್ಜಿಲನ ಅಜೀರ್ಣ! ರಾಜಕೀಯದ ಒಂದು ಗುಟ್ಟೂ ಇಲ್ಲ. ದೊಡ್ಡವರ ಬಳಿಯಿದ್ದು ಅವರ ಮಾತನ್ನು ಹೊರಗೆ ಬಿಡದಿರುವುದು ಅವನ ವಿವೇಕ. ಆ ಮೌನವನ್ನು ಕಪ್ಪೆಗಳ ಗದ್ದಲದಿಂದ ತುಂಬಿದ್ದು ಅವನ ವಿನೋದ.

ಕೆಲವು ವರ್ಷಗಳಲ್ಲಿ ಮೆಸೀನಸನ ಔದಾರ್ಯದಿಂದ ಹೊರೇಸನಿಗೆ ರೋಮಿನ ಈಶಾನ್ಯಕ್ಕೆ ಸೇಬೈನ್ ಬೆಟ್ಟಗಳ ನಡುವೆ ಒಂದು ಜಮೀನು ದೊರೆಯಿತು. ಕಣಿವೆ, ತಣ್ಣನೆಯ ತೊರೆ, ಮನೆಯ ಹತ್ತಿರ ಬತ್ತದ ಬುಗ್ಗೆ, ಮೇಲೊಂದಿಷ್ಟು ಕಾಡು; ಅವನು ದೇವರಲ್ಲಿ ಬೇಡಿಕೊಂಡಿದ್ದು ಇಷ್ಟೇ. ಈಗ ಲಿಚೆಂಜ ಎಂಬ ಹಳ್ಳಿಯ ಬಳಿ ಅಗೆತದಿಂದ ಹೊರಬಿದ್ದ ಮನೆಯ ತಳಪಾಯವನ್ನು ಅವನದೆಂದು ತೋರಿಸುತ್ತಾರೆ. ಪಟ್ಟಣದ ಇಲಿ ಮತ್ತು ಹಳ್ಳಿಯ ಇಲಿಯ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಅದಕ್ಕೆ ಅತ್ಯಂತ ಸುಂದರವಾದ ಕಾವ್ಯರೂಪ ಬಂದದ್ದು ಈ ಜಮೀನಿನ ಸಂತೋಷದಲ್ಲಿ ಹೊರೇಸನು ಬರೆದ ಪದ್ಯದಲ್ಲಿ.

ಆದರೆ ಅವನು ಹಳ್ಳಿಯ ಜೀವನವನ್ನು ಹೊಗಳಿ ಅಷ್ಟಕ್ಕೇ ನಿಲ್ಲಿಸುವವನಲ್ಲ. ಡಿಸೆಂಬರಿನ ಸ್ಯಾಟರ್ನೇಲಿಯ ಹಬ್ಬದಲ್ಲಿ ಗುಲಾಮರು ಯಜಮಾನರಿಗೆ ಏನನ್ನು ಬೇಕಾದರೂ ಹೇಳಬಹುದಾಗಿತ್ತು. ಆ ಸಲಿಗೆಯಲ್ಲಿ ಡೇವಸ್ ಎಂಬ ಗುಲಾಮನು ಹೊರೇಸನಿಗೇ ಉಪದೇಶ ಮಾಡುವ ಪದ್ಯವೊಂದಿದೆ. ಪಟ್ಟಣದಲ್ಲಿದ್ದಾಗ ಹಳ್ಳಿ ಬೇಕು, ಹಳ್ಳಿಯಲ್ಲಿದ್ದಾಗ ಪಟ್ಟಣ ಬೇಕು; ಊಟಕ್ಕೆ ಯಾರೂ ಕರೆಯದಿದ್ದರೆ ಮನೆಯ ಸೊಪ್ಪೇ ಮೇಲೆನ್ನುವಿರಿ, ಮೆಸೀನಸನ ಕರೆ ಬಂದರೆ ದೀಪಕ್ಕೆ ಎಣ್ಣೆ ಎಲ್ಲಿ ಎಂದು ಕೂಗಾಡುವಿರಿ; ಆಸೆಗಳು ಎಳೆದತ್ತ ಓಡುವ ನೀವು ಯಜಮಾನರೋ, ನಾನು ಗುಲಾಮನೋ ಎಂದು ಅವನು ಕೇಳುತ್ತಾನೆ. ಯಜಮಾನನ ಬಳಿ ಉತ್ತರವಿಲ್ಲ. ಕಲ್ಲೆಲ್ಲಿ, ಬಾಣವೆಲ್ಲಿ ಎಂದು ಹುಡುಕುತ್ತಾನೆ. ಬಾಯಿ ಮುಚ್ಚದಿದ್ದರೆ ಜಮೀನಿನ ಕೆಲಸಕ್ಕೆ ಒಂಬತ್ತನೆಯ ಆಳಾಗಿ ಅಟ್ಟುವೆನೆಂದು ಬೆದರಿಸುತ್ತಾನೆ. ಈ ಬೆದರಿಕೆಯಿಂದಲೇ ಆ ಜಮೀನಿನಲ್ಲಿ ಎಂಟು ಮಂದಿ ಗುಲಾಮರು ದುಡಿಯುತ್ತಿದ್ದರೆಂದು ನಮಗೆ ಗೊತ್ತಾಗಿರುವುದು. ಗುಲಾಮನಾಗಿದ್ದವನ ಮಗನೂ ಗುಲಾಮರ ಒಡೆಯನಾಗಿದ್ದನು. ಅವನ ಕಾಲ ಅಂಥದ್ದು. ಆದರೂ ಆ ಗುಲಾಮನ ಬಾಯಿಗೆ ಚರ್ಚೆಯ ಗೆಲುವನ್ನು ಕೊಟ್ಟು, ಕೋಪದ ಸೋಲನ್ನು ತಾನಿಟ್ಟುಕೊಂಡದ್ದು ಸಣ್ಣ ಮಾತಲ್ಲ.

ಕ್ರಿ. ಪೂ. ೨೩ರಲ್ಲಿ ಹೊರೇಸನ ಪ್ರಗಾಥಗಳ ಮೊದಲ ಮೂರು ಭಾಗಗಳು ಹೊರಬಂದವು. ಒಟ್ಟು ೮೮ ಗೀತೆಗಳು. ಸ್ಯಾಫೊ, ಆಲ್ಸೀಯಸ್ ಮೊದಲಾದ ಗ್ರೀಕ್ ಕವಿಗಳ ಛಂದಸ್ಸುಗಳನ್ನು ಲ್ಯಾಟಿನ್ ಭಾಷೆಯಲ್ಲಿ ಅವನು ಎಷ್ಟು ನಯವಾಗಿ ಕೂರಿಸಿದನೆಂದರೆ ಅವು ಅಲ್ಲಿಯೇ ಹುಟ್ಟಿದವೋ ಎಂಬಂತೆ ಕಾಣುತ್ತವೆ. ಅವುಗಳ ತಿರುಳು ಸರಳ. ಬಾಳು ಚಿಕ್ಕದು, ನಾಳೆಯನ್ನು ಜೋಯಿಸರಲ್ಲಿ ಕೇಳುತ್ತ ಇಂದನ್ನು ಕಳೆದುಕೊಳ್ಳಬಾರದು. ದಿನವನ್ನು ಅನುಭವಿಸುವುದಕ್ಕೆ ಅವನು ಬಳಸಿದ ಕ್ರಿಯಾಪದ ಹಣ್ಣು ಹೂವುಗಳನ್ನು ಕೀಳುವುದಕ್ಕೆ ಬಳಸುವಂಥದು: ಮಾಗಿದ್ದನ್ನು ಮಾಗಿದಾಗ ಕೀಳಬೇಕು, ಕೊಳೆಯಲು ಬಿಡಬಾರದು. ಇದನ್ನು ಬರಿಯ ಭೋಗವಾದವೆಂದು ತಿಳಿಯುವುದು ತಪ್ಪು. ಎಪಿಕ್ಯೂರಸನ ದರ್ಶನ ಅವನಿಗೆ ಪ್ರಿಯವೇ; ಮಿತ್ರನೊಬ್ಬನಿಗೆ ಬರೆಯುತ್ತ, ಎಪಿಕ್ಯೂರಸನ ದೊಡ್ಡಿಯಲ್ಲಿ ಕೊಬ್ಬಿದ ಹಂದಿ ತಾನೆಂದು ತನ್ನನ್ನು ಹಾಸ್ಯ ಮಾಡಿಕೊಂಡದ್ದೂ ಉಂಟು. ಆದರೆ ಸ್ಟೋಯಿಕರ ಸ್ಥೈರ್ಯವೂ ಅವನಿಗೆ ಅಷ್ಟೇ ಬೇಕು. ಯಾವ ಗುರುವಿನ ಮಾತಿಗೂ ತಾನು ಆಣೆ ಇಟ್ಟವನಲ್ಲ, ಗಾಳಿ ಒಯ್ದ ದಡಕ್ಕೆ ಅತಿಥಿಯಾಗಿ ಇಳಿಯುವವನು ಎಂಬುದು ಅವನ ನಿಲುವು.

ಅತಿರೇಕಗಳ ನಡುವಿನ ಸುವರ್ಣಮಧ್ಯಮವನ್ನು ಹಾಡಿದ ಕವಿಯೆಂದು ಅವನು ಖ್ಯಾತನು. ತೀರ ನಡುಗಡಲಿಗೂ ಹೋಗಬೇಡ, ಬಂಡೆಗಳ ದಡಕ್ಕೂ ತಾಗಬೇಡವೆಂದು ಲಿಸೀನಿಯಸ್ ಎಂಬವನಿಗೆ ಅವನು ಬುದ್ಧಿ ಹೇಳಿದನು. ಈ ಲಿಸೀನಿಯಸನು ಮೆಸೀನಸನ ಭಾವಮೈದುನನೆಂದೂ, ಸ್ವಲ್ಪ ಕಾಲದಲ್ಲೇ ಆಗಸ್ಟಸನ ವಿರುದ್ಧದ ಒಳಸಂಚಿನ ಆರೋಪದಲ್ಲಿ ಪ್ರಾಣ ಕಳೆದುಕೊಂಡವನೆಂದೂ ವಿದ್ವಾಂಸರು ಗುರುತಿಸುತ್ತಾರೆ. ಅದನ್ನು ನೆನೆದಾಗ ಮಧ್ಯಮಮಾರ್ಗದ ಉಪದೇಶ ಸುಖಜೀವಿಯ ಹಗಲುಗನಸಿನಂತೆ ಕಾಣುವುದಿಲ್ಲ. ತಲೆಗಳು ಉರುಳುವುದನ್ನು ಕಂಡವನ ಮಾತಿನಂತೆ ಕೇಳಿಸುತ್ತದೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಬ್ರೂಟಸನ ಸೈನಿಕನು ಆಗಸ್ಟಸನನ್ನು ಹಾಡಿದನಲ್ಲ, ಇದು ಅವಕಾಶವಾದವಲ್ಲವೇ? ರಣರಂಗದಿಂದ ಓಡಿದವನೇ ತಾಯ್ನಾಡಿಗಾಗಿ ಸಾಯುವುದು ಮಧುರವೆಂದು ಬರೆದನಲ್ಲ? ಈ ಎರಡನೆಯ ಮಾತು ಹತ್ತೊಂಬತ್ತು ಶತಮಾನಗಳ ಬಳಿಕವೂ ಅವನನ್ನು ಬಿಡಲಿಲ್ಲ. ಮೊದಲ ಮಹಾಯುದ್ಧದ ಕಂದಕಗಳನ್ನು ಕಂಡಿದ್ದ ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವೆನ್ ೧೯೧೭ರಲ್ಲಿ ಬರೆಯತೊಡಗಿದ ಕವನವೊಂದರಲ್ಲಿ, ಈ ಮಾತನ್ನು ಮಕ್ಕಳಿಗೆ ಕಲಿಸುವವರನ್ನು ಕಟುವಾಗಿ ಖಂಡಿಸಿದನು. ಆ ಖಂಡನೆಯಲ್ಲಿ ನ್ಯಾಯವಿದೆ. ಆಗಸ್ಟಸನ ಹೊಗಳಿಕೆಯಲ್ಲಿಯೂ ಕೆಲವೆಡೆ ಹೊರೇಸನ ಸಹಜವಾದ ದನಿ ಕೇಳಿಸುವುದಿಲ್ಲ. ಆದರೆ ಅವನ ಪೀಳಿಗೆ ಹುಟ್ಟಿದಂದಿನಿಂದ ಅಂತರ್ಯುದ್ಧವನ್ನಲ್ಲದೆ ಬೇರೆ ಏನನ್ನೂ ಕಂಡಿರಲಿಲ್ಲ. ಶಾಂತಿಯನ್ನು ತಂದವನಿಗೆ ಕೃತಜ್ಞನಾಗುವುದು ಅವರಿಗೆ ಅಸಹಜವಾಗಿರಲಿಲ್ಲ. ಅಲ್ಲದೆ ವಿಜಯೋತ್ಸವದಲ್ಲಿಯೂ ಅವನು ಕಣ್ಣು ಮುಚ್ಚಿಕೊಳ್ಳಲಿಲ್ಲ. ಕ್ಲಿಯೋಪಾತ್ರಳ ಪತನವನ್ನು ಕುರಿತ ಗೀತೆ ಕುಣಿತದಿಂದ ಆರಂಭವಾಗುತ್ತದೆ. ಆದರೆ ಸೆರೆಯಾಗಿ ಮೆರವಣಿಗೆಯಲ್ಲಿ ನಡೆಯಲು ಒಪ್ಪದೆ ಹಾವುಗಳನ್ನು ಕೈಗೆತ್ತಿಕೊಂಡ ಆ ರಾಣಿಯ ಘನತೆಗೆ ತಲೆಬಾಗಿ ಮುಗಿಯುತ್ತದೆ.

ಹೊರೇಸನು ಆಶ್ರಯದಾತರ ಮುಂದೆ ಎಷ್ಟು ಎತ್ತರಕ್ಕೆ ನಿಲ್ಲಬಲ್ಲವನಾಗಿದ್ದನೆಂಬುದಕ್ಕೆ ಅವನ ಪತ್ರಕಾವ್ಯದಲ್ಲಿ ಉತ್ತಮ ಸಾಕ್ಷಿಯಿದೆ. ಐದು ದಿನ ಹಳ್ಳಿಯಲ್ಲಿದ್ದು ಬರುತ್ತೇನೆಂದು ಹೋದವನು ಆಗಸ್ಟ್ ತಿಂಗಳು ಪೂರ್ತಿ ಹಿಂದಿರುಗಲಿಲ್ಲ. ಮೆಸೀನಸನಿಗೆ ಬೇಸರವಾಯಿತು. ಎಲ್ಲವನ್ನೂ ಕೊಟ್ಟವನು ಕರೆದರೆ ಬರಬೇಡವೇ? ಹೊರೇಸನು ಉತ್ತರ ಬರೆದನು: ಜ್ವರದ ಕಾಲದಲ್ಲಿ ರೋಮಿಗೆ ಬಾರೆನು, ಚಳಿಗಾಲಕ್ಕೆ ಕಡಲತೀರಕ್ಕೆ ಹೋಗುವೆನು, ವಸಂತದ ಮೊದಲ ಹಕ್ಕಿಯೊಡನೆ ನಿಮ್ಮನ್ನು ಕಾಣುವೆನು. ಆಮೇಲೆ ಕಥೆಗಳು. ಕಲಾಬ್ರಿಯದವನೊಬ್ಬನು ಅತಿಥಿಗೆ ಮರಸೇಬು ಹಣ್ಣುಗಳನ್ನು ಬಲವಂತಮಾಡಿ ಕೊಡುತ್ತಾನೆ. ಬೇಡವೆಂದರೆ, ನೀವು ಒಯ್ಯದಿದ್ದರೆ ಹೇಗಿದ್ದರೂ ಹಂದಿಗಳಿಗೆ ಹಾಕುವುದೇ ಎನ್ನುತ್ತಾನೆ. ಮೆಸೀನಸನ ಕೊಡುಗೆ ಅಂಥದ್ದಲ್ಲ; ಅವನು ಯೋಗ್ಯತೆಯನ್ನರಿತು ಕೊಟ್ಟವನು. ಇನ್ನೊಂದು ಕಥೆಯಲ್ಲಿ ಸಣಕಲು ನರಿ ಕಿರಿದಾದ ಕಂಡಿಯಿಂದ ಕಣಜದೊಳಗೆ ನುಗ್ಗಿ, ತಿಂದು ಹೊಟ್ಟೆ ಉಬ್ಬಿಸಿಕೊಂಡು ಹೊರಬರಲಾರದೆ ಒದ್ದಾಡುತ್ತದೆ. ಬಡಕಲಾಗಿ ಬಂದವಳು ಬಡಕಲಾಗಿಯೇ ಹೊರಡಬೇಕೆಂದು ಬುದ್ಧಿವಾದ ಸಿಕ್ಕುತ್ತದೆ. ಈ ಕಥೆ ತನಗೆ ಅನ್ವಯಿಸುವುದಾದರೆ ಪಡೆದದ್ದೆಲ್ಲವನ್ನೂ ಈಗಲೇ ಹಿಂದಿರುಗಿಸಲು ಸಿದ್ಧನೆಂದು ಹೊರೇಸನು ಬರೆಯುತ್ತಾನೆ.

ಮೂರನೆಯ ಕಥೆ ಎಲ್ಲಕ್ಕಿಂತ ಸೊಗಸಾದದ್ದು. ಫಿಲಿಪ್ಪಸ್ ಎಂಬ ಪ್ರಸಿದ್ಧ ವಕೀಲನು ನ್ಯಾಯಸ್ಥಾನದಿಂದ ಹಿಂದಿರುಗುವಾಗ, ಕ್ಷೌರದ ಅಂಗಡಿಯ ನೆರಳಿನಲ್ಲಿ ನಿರಾಳವಾಗಿ ಕುಳಿತು ಉಗುರು ತೆಗೆದುಕೊಳ್ಳುತ್ತಿದ್ದ ಒಬ್ಬನನ್ನು ಕಂಡನು. ಅವನು ಹರಾಜು ಕೂಗುವ ಮೀನ ಎಂಬವನು. ಅಲ್ಪ ಗಳಿಕೆ, ಅಲ್ಪ ತೃಪ್ತಿ. ಫಿಲಿಪ್ಪಸನು ಅವನನ್ನು ಊಟಕ್ಕೆ ಕರೆದು, ಸ್ನೇಹ ಬೆಳೆಸಿ, ಒಂದಿಷ್ಟು ಹಣ ಕೊಟ್ಟು ಒಂದಿಷ್ಟು ಸಾಲ ಕೊಟ್ಟು, ಜಮೀನು ಕೊಳ್ಳುವಂತೆ ಹುರಿದುಂಬಿಸಿದನು. ಅವನ ಮನಸ್ಸಿನಲ್ಲಿ ಅರ್ಧ ತಮಾಷೆಯೇ ಇತ್ತು. ಮೀನನು ಹೊಲಕ್ಕಾಗಿ ಹುಚ್ಚನಂತೆ ದುಡಿದನು. ಕುರಿಗಳು ಕಳವಾದವು, ಆಡುಗಳು ರೋಗದಿಂದ ಸತ್ತವು, ಬೆಳೆ ಕೈಕೊಟ್ಟಿತು, ಎತ್ತು ಉತ್ತು ಉತ್ತು ನೆಲಹಿಡಿಯಿತು. ಒಂದು ನಡುರಾತ್ರಿ ಅವನು ಕುದುರೆಯೇರಿ, ಕ್ಷೌರವನ್ನೂ ಕಾಣದ ಮುಖದಿಂದ ಫಿಲಿಪ್ಪಸನ ಮನೆಗೆ ಧಾವಿಸಿ, ತನ್ನ ಹಳೆಯ ಬಾಳನ್ನು ತನಗೆ ಮರಳಿ ಕೊಡಬೇಕೆಂದು ಅಂಗಲಾಚಿದನು. ಹೊರೇಸನ ತಂದೆಯ ಬದುಕೂ ಹರಾಜಿನ ಕಟ್ಟೆಯ ಸುತ್ತಲೇ ನಡೆದಿತ್ತು. ಹೊರೇಸನಿಗೆ ದೊರೆತದ್ದೂ ಸೇಬೈನ್ ಸೀಮೆಯ ಜಮೀನೇ. ಕಥೆಯ ಮೊನೆ ಎತ್ತ ತಿರುಗಿದೆಯೆಂಬುದು ಮೆಸೀನಸನಿಗೆ ತಿಳಿಯದೆ ಇರಲಿಲ್ಲ. ಉಪಕಾರ ಮಾಡಿದವನಿಗೆ ಒಲ್ಲೆನೆನ್ನುವುದು ಕಷ್ಟ; ಅವನ ಉಪಕಾರವನ್ನು ಮರೆಯದೆ, ಅವನ ಮನಸ್ಸನ್ನು ನೋಯಿಸದೆ, ತನ್ನ ತಲೆಯನ್ನೂ ತಗ್ಗಿಸದೆ ಒಲ್ಲೆನೆನ್ನುವುದು ಇನ್ನೂ ಕಷ್ಟ. ಅದನ್ನು ಹೊರೇಸನು ನಗಿಸಿ ಸಾಧಿಸಿದನು. ಸ್ನೇಹ ಮುರಿಯಲಿಲ್ಲ.

ಇನ್ನೂ ದೊಡ್ಡ ಪರೀಕ್ಷೆ ಆಗಸ್ಟಸನಿಂದಲೇ ಬಂದಿತು. ಹೊರೇಸನ ಜೀವನಚರಿತ್ರೆಯನ್ನು ಬರೆದ ಸ್ಯೂಟೋನಿಯಸನು ಹೇಳುವಂತೆ, ಚಕ್ರವರ್ತಿ ಅವನನ್ನು ತನ್ನ ಖಾಸಗಿ ಪತ್ರಗಳನ್ನು ಬರೆಯುವ ಕಾರ್ಯದರ್ಶಿಯಾಗಿ ಬಯಸಿದನು. ಹೊರೇಸನು ಒಪ್ಪಿಕೊಳ್ಳಲಿಲ್ಲ. ಆಗಸ್ಟಸನು ಕೋಪಗೊಳ್ಳಲೂ ಇಲ್ಲ, ಸ್ನೇಹವನ್ನು ಬಿಡಲೂ ಇಲ್ಲ. ಅವರಿಬ್ಬರ ನಡುವೆ ತಮಾಷೆಯೂ ನಡೆಯುತ್ತಿತ್ತು: ಕವಿ ಗಿಡ್ಡ, ಹೊಟ್ಟೆ ದೊಡ್ಡದು, ಪುಸ್ತಕ ಸಣ್ಣದು. ಗ್ರಂಥವು ಗ್ರಂಥಕರ್ತನಿಗಿಂತ ದೊಡ್ಡದಾದೀತೆಂಬ ಹೆದರಿಕೆಯೇ ಎಂದು ಚಕ್ರವರ್ತಿ ಪತ್ರದಲ್ಲಿ ಕೆಣಕಿದನು.

ಕ್ರಿ. ಪೂ. ೧೯ರಲ್ಲಿ ವರ್ಜಿಲನು ತೀರಿಕೊಂಡ ಮೇಲೆ ರೋಮಿನ ಪ್ರಥಮ ಕವಿಯ ಸ್ಥಾನ ಹೊರೇಸನದಾಯಿತು. ಕ್ರಿ. ಪೂ. ೧೭ರ ಶತಮಾನೋತ್ಸವಕ್ಕಾಗಿ ಅವನು ರಚಿಸಿದ ಸ್ತೋತ್ರವನ್ನು ೨೭ ಮಂದಿ ಬಾಲಕರೂ ೨೭ ಮಂದಿ ಬಾಲಕಿಯರೂ ದೇವಾಲಯದ ಮುಂದೆ ಹಾಡಿದರು. ೧೮೯೦ರಲ್ಲಿ ಟೈಬರ್ ನದಿಯ ಬಳಿ ದೊರೆತ ಶಿಲಾಶಾಸನದಲ್ಲಿ ಆ ಉತ್ಸವದ ವಿವರವೂ ಸ್ತೋತ್ರಕರ್ತನೆಂದು ಹೊರೇಸನ ಹೆಸರೂ ಇವೆ. ಆಗಸ್ಟಸನ ಬಳಿಗೆ ಭಾರತದಿಂದ ರಾಯಭಾರಗಳು ಹೋಗಿದ್ದ ಕಾಲವದು. ಆ ಸ್ತೋತ್ರದಲ್ಲಿ ಭಾರತೀಯರ ಹೆಸರೂ ಬರುತ್ತದೆಂಬುದು ನಮಗೆ ಕುತೂಹಲದ ಸಂಗತಿ.

ಪೀಸೋ ಮನೆತನದವರಿಗೆ ಬರೆದ ದೀರ್ಘ ಪತ್ರವು ಕಾವ್ಯಕಲೆಯೆಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ೪೭೬ ಸಾಲುಗಳ ಈ ಕೃತಿ ಯೂರೋಪಿನ ವಿಮರ್ಶೆಯನ್ನು ಶತಮಾನಗಳ ಕಾಲ ಆಳಿತು. ಕಾವ್ಯ ಉಪಯೋಗವನ್ನೂ ಆನಂದವನ್ನೂ ಕೂಡಿಸಿ ಕೊಡಬೇಕು. ಬರೆದುದನ್ನು ಒಂಬತ್ತು ವರ್ಷ ಪೆಟ್ಟಿಗೆಯಲ್ಲಿಟ್ಟು ಆಮೇಲೆ ಹೊರತೆಗೆಯಬೇಕು. ಹೊಗಳುವ ಮಿತ್ರರಿಗಿಂತ ತಿದ್ದುವ ಮಿತ್ರನು ಮೇಲು. ಇವು ಅವನ ಬೋಧನೆಗಳು. ಇಂಥ ಪತ್ರ ಮುಗಿಯುವುದು ಯಾವ ಸೂತ್ರದಿಂದಲೂ ಅಲ್ಲ. ಸಿಕ್ಕಿದವರನ್ನು ಹಿಡಿದು ತನ್ನ ಪದ್ಯ ಓದಿ ಓದಿ ಕೊಲ್ಲುವ ಹುಚ್ಚುಕವಿಯೊಬ್ಬನ ಚಿತ್ರದಿಂದ. ರಕ್ತ ಕುಡಿದು ತುಂಬುವವರೆಗೂ ಬಿಡದ ಜಿಗಣೆಗೆ ಅವನನ್ನು ಹೋಲಿಸಿದ್ದಾನೆ. ಪದ್ಯ ಬರೆಯುವ ವಿದ್ಯಾರ್ಥಿಮಿತ್ರರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ತನ್ನ ಪತ್ರಗಳ ಮೊದಲ ಸಂಪುಟವನ್ನು ಬೀಳ್ಕೊಡುತ್ತ ಅವನು ಅದನ್ನು ಮನೆಬಿಟ್ಟು ಬೀದಿಗೆ ಹೋಗಲು ಚಡಪಡಿಸುವ ಹುಡುಗನಂತೆ ಚಿತ್ರಿಸಿದ್ದಾನೆ. ಈಗ ಎಲ್ಲರೂ ಮುದ್ದಾಡುವರು. ಹಳತಾದ ಮೇಲೆ ನುಸಿಗೆ ಆಹಾರವಾಗುವೆ. ಮುದಿತನದಲ್ಲಿ ಊರಾಚೆಯ ಬೀದಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತ ಕೂರುವೆ ಎಂದು ಎಚ್ಚರಿಸುತ್ತಾನೆ. ಬಳಿಕ, ತನ್ನ ಬಗ್ಗೆ ಯಾರಾದರೂ ಕೇಳಿದರೆ ಹೇಳಬೇಕಾದದ್ದನ್ನು ತಿಳಿಸುತ್ತಾನೆ: ಬಡ ಗೂಡಿನಿಂದ ದೊಡ್ಡ ರೆಕ್ಕೆ ಬಿಚ್ಚಿದವನು, ಗಿಡ್ಡ, ಕಾಲಕ್ಕೆ ಮೊದಲೇ ತಲೆ ನರೆತವನು, ಬೇಗ ಸಿಟ್ಟಾಗಿ ಬೇಗ ತಣಿಯುವವನು, ವಯಸ್ಸು ನಲವತ್ತನಾಲ್ಕು ತುಂಬಿದೆ. ಪುಸ್ತಕದ ಬಗ್ಗೆ ಹಾಸ್ಯಕ್ಕೆ ಹೇಳಿದ ಭವಿಷ್ಯ ನಿಜವಾಯಿತು. ಅದು ನಿಜವಾಗಿಯೂ ಶಾಲೆಯ ಮಕ್ಕಳ ಪಾಲಾಯಿತು. ಶಾಲೆಯ ಒತ್ತಾಯದ ಉರುಹೊಡೆತದಿಂದ ತನಗೆ ಹೊರೇಸನ ರುಚಿಯೇ ಕೆಟ್ಟಿತೆಂದು ಬೈರನ್ ಕವಿ ದೂರಿಕೊಂಡನು. ಆದರೆ ಪೆಟ್ರಾರ್ಕ್ ಅವನ ಹಸ್ತಪ್ರತಿಯನ್ನು ಕೊಂಡು ಅಂಚುಗಳಲ್ಲಿ ಟಿಪ್ಪಣಿ ಬರೆದಿಟ್ಟನು. ಬೆನ್ ಜಾನ್ಸನ್, ಮಿಲ್ಟನ್ ಅವನನ್ನು ಇಂಗ್ಲಿಷಿಗೆ ತಂದರು. ಅಲೆಕ್ಸಾಂಡರ್ ಪೋಪ್ ಅವನ ದಾರಿಯಲ್ಲಿ ನಡೆದು ತನ್ನ ಕಾಲದ ಲಂಡನನ್ನು ವಿಡಂಬಿಸಿದನು.

ಮೆಸೀನಸನು ಕಾಯಿಲೆಯಿಂದ ಸಾವಿಗೆ ಹೆದರುತ್ತಿದ್ದಾಗ, ನೀವು ಹೋದ ದಿನವೇ ನನಗೂ ಪ್ರಯಾಣವೆಂದು ಹೊರೇಸನು ಗೀತೆಯೊಂದರಲ್ಲಿ ಮಾತುಕೊಟ್ಟಿದ್ದನು. ಕ್ರಿ. ಪೂ. ೮ರಲ್ಲಿ ಮೆಸೀನಸನು ತೀರಿಕೊಂಡನು. ತನ್ನನ್ನು ನೆನೆಯುವಂತೆಯೇ ಹೊರೇಸನನ್ನೂ ನೆನೆಯಬೇಕೆಂದು ಆಗಸ್ಟಸನಿಗೆ ಅವನ ಕಡೆಯ ಕೋರಿಕೆ. ಅದೇ ವರ್ಷ ನವೆಂಬರ್ ೨೭ರಂದು, ಎರಡು ತಿಂಗಳೂ ಕಳೆಯುವುದರೊಳಗೆ, ಹೊರೇಸನೂ ಹಿಂಬಾಲಿಸಿದನು. ಐವತ್ತೇಳು ತುಂಬಲು ಹನ್ನೊಂದು ದಿನ ಉಳಿದಿತ್ತು. ಕಾಯಿಲೆ ಹಠಾತ್ತಾಗಿ ಉಲ್ಬಣಿಸಿದ್ದರಿಂದ ಉಯಿಲಿಗೆ ರುಜು ಹಾಕಲೂ ಆಗದೆ ಬಾಯಿಮಾತಿನಲ್ಲೇ ಆಗಸ್ಟಸನನ್ನು ವಾರಸುದಾರನೆಂದು ಹೆಸರಿಸಿದನು. ಎಸ್ಕ್ವಿಲೈನ್ ಗುಡ್ಡದ ಮೇಲೆ, ಮೆಸೀನಸನ ಸಮಾಧಿಯ ಪಕ್ಕದಲ್ಲಿ ಅವನನ್ನು ಮಣ್ಣುಮಾಡಿದರು.

ಹೀಗೆ, ಪಡೆದ ಜಮೀನು ಕೊನೆಗೆ ಕೊಟ್ಟವರ ಕಡೆಗೇ ಹಿಂದಿರುಗಿತು. ಹಿಂದಿರುಗಿಸಲು ಸದಾ ಸಿದ್ಧನೆಂದು ಅವನು ಹೇಳಿಯೇ ಇದ್ದನು. ಹೊರೇಸನು ಬ್ರೂಟಸನಂತೆ ಆದರ್ಶಕ್ಕಾಗಿ ಪ್ರಾಣ ಕೊಟ್ಟ ವೀರನಲ್ಲ. ಪ್ರಾಣ ಉಳಿಸಿಕೊಂಡು, ಸೋಲನ್ನು ನುಂಗಿಕೊಂಡು, ಬಲಿಷ್ಠರ ನಡುವೆ ಬದುಕಬೇಕಾಗಿ ಬಂದವನು. ಲೋಕದಲ್ಲಿ ಹೆಚ್ಚು ಮಂದಿಯ ಪಾಡು ಅದೇ ಅಲ್ಲವೇ? ಅಂಥವರಿಗೆ ಅವನ ಬಾಳಿನಿಂದ ದೊರೆಯುವ ಬೆಳಕು ಇದು: ಕೊಟ್ಟವನಿಗೆ ಕೃತಜ್ಞನಾಗಿರಬಹುದು, ಅಡಿಯಾಳಾಗಬೇಕಿಲ್ಲ; ತನ್ನನ್ನು ನೋಡಿ ತಾನು ಮೊದಲು ನಗಬಲ್ಲವನನ್ನು ಹೊನ್ನಿನಿಂದ ಕಟ್ಟಿಹಾಕುವುದೂ ಸುಲಭವಲ್ಲ, ಭಯದಿಂದ ಬಗ್ಗಿಸುವುದೂ ಸುಲಭವಲ್ಲ.